ಡಿಗ್ರಿ ಆಗಿದೆ, ಮಾತು ಬರುತ್ತೆ. ಆಟಿಸಂ ಸರ್ಟಿಫಿಕೇಟ್ ಕೊಡ್ತಾರಾ?

ನಿಮಗೆ 26 ವರ್ಷ, ಹಾಸನದಲ್ಲೇ ಇದ್ದೀರಿ, ಆಟಿಸಂ ಅಂತ ಹೋದ ವರ್ಷ ಗೊತ್ತಾಯಿತು, ಅಂಗವಿಕಲರ ಪಿಂಚಣಿಗೆ ಅರ್ಜಿ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಓದಿದವರಿಗೆ ಇಲ್ಲ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ.

ನನಗೂ ಆಟಿಸಂ ಇದೆ. ಆಲೂರಿನ ಹತ್ತಿರ ನಮ್ಮೂರು. ಮೊದಲ ಸಲ ಸರ್ಟಿಫಿಕೇಟಿನ ತಪಾಸಣೆಗೆ ಒಬ್ಬನೇ ಹೋದೆ. ಹಿಂದಿನ ರಾತ್ರಿಯೆಲ್ಲ ಕೂತು ಉತ್ತರಗಳನ್ನು ಬಾಯಿಪಾಠ ಮಾಡಿದ್ದೆ. ಡಾಕ್ಟರ್ ಕೇಳಿದ್ದಕ್ಕೆಲ್ಲ ಪಟಪಟ ಅಂತ ಹೇಳಿದೆ. "ಚೆನ್ನಾಗೇ ಇದ್ದೀಯಲ್ಲಪ್ಪ" ಅಂದರು. ಪಿಂಚಣಿಗೆ ಬೇಕಾದ ಶೇ. 40 ಅಂಗವೈಕಲ್ಯ ಬರಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕಿವಿ ಮುಚ್ಚಿಕೊಂಡು ಕೂತೆ. ಮೂರು ಬಸ್ ಕಣ್ಣೆದುರೇ ಹೋದವು, ಏಳೋದಕ್ಕೆ ಆಗಲಿಲ್ಲ. ಅದನ್ನು ಯಾವ ಡಾಕ್ಟರೂ ನೋಡಿರಲಿಲ್ಲ, ಅಲ್ವಾ?

ಎರಡನೇ ಸಲ ಅಮ್ಮ ಜೊತೆಗೆ ಬಂದರು. ಆಟಿಸಂ ಎಷ್ಟಿದೆ ಅಂತ ಅಳೆಯೋಕೆ ಇಸಾ (ISAA) ಅನ್ನುವ ಪರೀಕ್ಷೆ ಮಾಡುತ್ತಾರೆ. 40 ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಬಂದರೆ ಶೇ. 40 ಅಂತ ಲೆಕ್ಕ. ಮನೆಯವರನ್ನೂ ಕೇಳುತ್ತಾರೆ. ಅಮ್ಮ ಡೇರಿಯ ಹಾಲಿನ ಪುಸ್ತಕದ ಹಿಂದೆ ಬರೆದುಕೊಂಡು ಬಂದಿದ್ದರು: "ಮಿಕ್ಸಿ ಹಾಕಿದರೆ ಹಿತ್ತಲಿಗೆ ಓಡ್ತಾನೆ. ನೆಂಟರು ಬಂದರೆ ಅಟ್ಟ ಹತ್ತಿದವನು ಅವರು ಹೋಗೋವರೆಗೂ ಇಳಿಯಲ್ಲ. ತಟ್ಟೆ ಬದಲಾದರೆ ಊಟ ಬಿಡ್ತಾನೆ. ನಾನು ಹೇಳದಿದ್ದರೆ ಸ್ನಾನ ಇಲ್ಲ." ಅಮ್ಮ ಓದುವಾಗ ನಾಚಿಕೆಯಾಗಿ ನೆಲ ನೋಡುತ್ತಿದ್ದೆ. ಆದರೆ ಒಂದು ಮಾತೂ ಸುಳ್ಳಲ್ಲ. ಆ ಸಲ ಸರ್ಟಿಫಿಕೇಟ್ ಸಿಕ್ಕಿತು.

ಅದಕ್ಕೇ ಹೇಳೋದು, ಒಬ್ಬರೇ ಹೋಗಬೇಡಿ. ಅಮ್ಮನೇ ಆಗಬೇಕು ಅಂತಿಲ್ಲ, ನಿಮ್ಮ ಜೊತೆ ಒಂದೇ ಮನೆಯಲ್ಲಿ ಇದ್ದವರು ಯಾರಾದರೂ ಸರಿ. ನಿಮ್ಮ ಒಳ್ಳೆಯ ದಿನ ಹೇಗಿರುತ್ತೆ ಅಂತ ಹೇಳಿದರೆ ಸಾಲದು, ಕೆಟ್ಟ ದಿನದ ಬಗ್ಗೆಯೂ ಬಾಯಿಬಿಟ್ಟು ಹೇಳಿ.

ಕೆಲಸ ಶುರುವಾಗೋದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಅಲ್ಲಿ ಸರ್ಟಿಫಿಕೇಟಿಗೂ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಹಾಕಿ, ತಪಾಸಣೆಗೆ ಆಸ್ಪತ್ರೆ ಆರಿಸಿಕೊಳ್ಳಬೇಕು. ಹಳ್ಳಿಯಾದರೆ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗುವ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹತ್ತಿರ ಹೋಗಿ, ನನ್ನ ಅರ್ಜಿ ತುಂಬಿಸಿಕೊಟ್ಟಿದ್ದು ಅವರೇ. ಕಾರ್ಡ್ ಬಂದ ಮೇಲೆ ಪಿಂಚಣಿಗೆ ನಾಡಕಚೇರಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲ ಇಟ್ಟುಕೊಳ್ಳಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರದಿದ್ದರೆ ಸುಮ್ನೆ ತಿಂಗಳುಗಟ್ಟಲೆ ಅಲೆಯಬೇಕಾಗುತ್ತೆ.

ನನಗೆ ತಿಂಗಳಿಗೆ 800 ರೂಪಾಯಿ ಮಂಜೂರಾಯಿತು. ಕಡಿಮೆಯೇ. ಆದರೆ ಡಿಗ್ರಿ ಇರುವ ನಿಮಗೆ ಪಿಂಚಣಿಗಿಂತ ಕಾರ್ಡಿನಿಂದಲೇ ಉಪಯೋಗ ಜಾಸ್ತಿ. ಕೇಂದ್ರ ಸರ್ಕಾರದ ಕೆಲಸಗಳಲ್ಲಿ ಅಂಗವಿಕಲರಿಗಿರುವ ಶೇ. 4 ಮೀಸಲಾತಿಯಲ್ಲಿ ಆಟಿಸಂ ಇರುವವರಿಗೂ ಪಾಲಿದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತೆ.

ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಕಾಯೋದು ತುಂಬಾ ಕಷ್ಟ. "ಇವನಿಗೆ ಗಲಾಟೆ ಆಗಲ್ಲ, ಹೊರಗೆ ಮರದ ಕೆಳಗೆ ಕೂತಿರ್ತೀವಿ, ನಮ್ಮ ಸರದಿ ಬಂದಾಗ ಕರೀರಿ" ಅಂತ ಅಮ್ಮ ಚೀಟಿ ಕೊಡುವವರಿಗೆ ಹೇಳಿದ್ದರು. ಅವರೇ ಎದ್ದು ಬಂದು ಕರೆದರು.