ಓದುಗರ ಪ್ರಶ್ನೆ: ಮಲಾವಿಯ ಮಕ್ಕಳ ಗಂಜಿಗೆ ಸಿಂಧನೂರಿನ ದುಡ್ಡು ಯಾಕೆ?

ಪ್ರಶ್ನೆ: ಅಕ್ಕಾ, ನಮ್ಮ ಚರ್ಚಿನಲ್ಲಿ ಈ ಸಲ ಆಫ್ರಿಕಾದ ಮಲಾವಿ ದೇಶದ ಶಾಲಾ ಮಕ್ಕಳ ಊಟಕ್ಕೆ ಕಾಣಿಕೆ ಕೂಡಿಸುತ್ತಿದ್ದಾರೆ. ಐನೂರು ರೂಪಾಯಿ ಕೊಡ್ತೀನಿ ಅಂದೆ. ಮನೆಯವರು ರೇಗಿದರು. ಗುಳೆ ಹೋದವರ ಮಕ್ಕಳು ನಮ್ಮೂರಲ್ಲೇ ಅರೆಹೊಟ್ಟೆಯಲ್ಲಿ ಇದ್ದಾರೆ, ಅಷ್ಟು ದೂರ ಯಾಕೆ ಕಳಿಸಬೇಕು, ಒಂದು ಹೊತ್ತಿನ ಗಂಜಿಯಿಂದ ಏನಾಗುತ್ತೆ ಅಂತಾರೆ. ನೀವೇನಂತೀರಿ?
– ಓದುಗರು, ಸಿಂಧನೂರು

ಉತ್ತರ: ತಂಗಿ, ನಮ್ಮೂರ ಮಕ್ಕಳನ್ನ ಮೊದಲು ನೋಡಬೇಕು ಅನ್ನೋದು ಸರಿಯಾದ ಮಾತೇ. ಆದರೆ ಒಂದು ಹೊತ್ತಿನ ಗಂಜಿಯಿಂದ ಏನಾಗುತ್ತೆ ಅಂದದ್ದಕ್ಕೆ ನಾನು ಸುಮ್ನಿರಲಾರೆ. ಕೊಪ್ಪಳ ಜಿಲ್ಲೆಯ ಹಳ್ಳಿ ಶಾಲೆಯಲ್ಲಿ ಟೀಚರ್ ಆಗಿದ್ದವಳು ನಾನು. ಮಧ್ಯಾಹ್ನ ಗಂಟೆ ಹೊಡೆದರೆ ಅರ್ಧ ಮಕ್ಕಳು ಮನೆಗೆ ಹೋದವರು ತಿರುಗಿ ಬರುತ್ತಿರಲಿಲ್ಲ. ಮನೆಯಲ್ಲೂ ಏನೂ ಇರುತ್ತಿರಲಿಲ್ಲ, ಅವ್ವ ಕೂಲಿಗೆ ಹೋಗಿರುತ್ತಿದ್ದಳು, ತಮ್ಮನನ್ನ ಕಂಕುಳಲ್ಲಿ ಎತ್ತಿಕೊಂಡು ಹುಡುಗಿ ಅಲ್ಲೇ ಉಳಿದುಬಿಡುತ್ತಿದ್ದಳು. 2002ರಲ್ಲಿ ಬಿಸಿಯೂಟ ಬಂತು. ರಾಜ್ಯದಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಈ ಕಡೆಯ ಜಿಲ್ಲೆಗಳಲ್ಲೇ. ಸ್ವಲ್ಪ ದಿನಕ್ಕೆ ಪಾಟಿಚೀಲದೊಳಗೆ ತಟ್ಟೆ ಬಡಿಯುವ ಸದ್ದು ದೂರದಿಂದಲೇ ಕೇಳತೊಡಗಿತು. ಮಧ್ಯಾಹ್ನದ ಲೆಕ್ಕದ ಪಾಠಕ್ಕೆ ಹಿಂದಿನ ಸಾಲೂ ತುಂಬಿತು.

ಅದೇ 2002ರಲ್ಲಿ ಮಲಾವಿಯಲ್ಲಿ ಬರ. ಸ್ಕಾಟ್ಲೆಂಡಿನ ಮ್ಯಾಗ್ನಸ್ ಮ್ಯಾಕ್‌ಫರ್ಲೇನ್-ಬ್ಯಾರೋ ಅಲ್ಲಿಗೆ ಹೋಗಿದ್ದಾಗ ಒಂದು ಮನೆಯಲ್ಲಿ ಏಡ್ಸ್‌ನಿಂದ ಸಾಯುತ್ತಾ ಮಲಗಿದ್ದ ತಾಯಿ, ಸುತ್ತ ಆರು ಮಕ್ಕಳು. ದೊಡ್ಡ ಮಗನನ್ನ ನಿನಗೇನು ಆಸೆ ಅಂತ ಕೇಳಿದರೆ, ಹೊಟ್ಟೆ ತುಂಬ ಊಟ, ಮುಂದೆ ಎಂದಾದರೂ ಶಾಲೆಗೆ ಹೋಗೋದು, ಇಷ್ಟೇ ಹೇಳಿದನಂತೆ. ಅಲ್ಲಿಂದ ಹುಟ್ಟಿದ್ದು ‘ಮೇರೀಸ್ ಮೀಲ್ಸ್’ ಅನ್ನೋ ಸೇವಾ ಸಂಸ್ಥೆ. ಕ್ರಿಸ್ತನ ತಾಯಿ ಮರಿಯಮ್ಮನ ಹೆಸರು. ಮೊದಲು 200 ಮಕ್ಕಳಿಗೆ ಊಟ ಹಾಕಿದರು, ಈಗ ಬೇರೆಬೇರೆ ದೇಶಗಳಲ್ಲಿ ಶಾಲೆ ಇರುವ ದಿನವೆಲ್ಲ 20 ಲಕ್ಷಕ್ಕೂ ಜಾಸ್ತಿ ಮಕ್ಕಳು ಉಣ್ಣುತ್ತಾರೆ.

ಮಲಾವಿಯಲ್ಲಿ ಕೊಡುವುದು ‘ಫಾಲಾ’, ಮೆಕ್ಕೆಜೋಳ ಮತ್ತು ಸೋಯಾ ಹಿಟ್ಟಿನ ಗಂಜಿ, ಅದಕ್ಕೆ ಸಕ್ಕರೆ, ವಿಟಮಿನ್ ಸೇರಿರುತ್ತೆ. ಊರಿನ ತಾಯಂದಿರು, ಅಜ್ಜಿಯರು ಸರದಿ ಹಾಕಿಕೊಂಡು ಬೆಳಿಗ್ಗೆ ಬೇಗ ಬಂದು ದೊಡ್ಡ ಪಾತ್ರೆಗಳಲ್ಲಿ ಕಾಸುತ್ತಾರೆ. ಸಂಬಳ ಇಲ್ಲ. ಹಿಟ್ಟನ್ನ ಆದಷ್ಟೂ ಆ ದೇಶದಲ್ಲೇ ಕೊಳ್ಳುತ್ತಾರೆ, ಹಾಗಾಗಿ ಅಲ್ಲಿನ ರೈತನಿಗೂ ನಾಲ್ಕು ಕಾಸು ಸಿಗುತ್ತೆ. ಅಲ್ಲಿ ಸುಗ್ಗಿ ಏಪ್ರಿಲ್ ಹೊತ್ತಿಗೆ. ಅದಕ್ಕೆ ಮುಂಚಿನ ಎರಡು ಮೂರು ತಿಂಗಳು ಮನೆಯ ಕಣಜ ಬರಿದು, ಆಗ ಶಾಲೆಯ ಒಂದು ಲೋಟ ಗಂಜಿಯೇ ಎಷ್ಟೋ ಮಕ್ಕಳ ಆ ದಿನದ ಊಟ.

ನಮ್ಮಲ್ಲಿ ಬಿಸಿಯೂಟ ಕೊಡಲೇಬೇಕು ಅಂತ 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಮಾಡಿತು, ಸರ್ಕಾರ ದುಡ್ಡು ಹಾಕುತ್ತೆ. ಮಲಾವಿ ಬಹಳ ಬಡ ದೇಶ, ಅಲ್ಲಿ ಹೊರಗಿನವರು ಕೊಟ್ಟರೇ ಎಷ್ಟೋ ಶಾಲೆಗಳಲ್ಲಿ ಒಲೆ ಹೊತ್ತುವುದು. ನಿಮ್ಮ ಐನೂರು ಕೊಡಿ ತಂಗಿ. ಮನೆಯವರ ಹತ್ತಿರವೂ ಗುಳೆ ಹೋದವರ ಮಕ್ಕಳಿಗೆ ಅಂತ ಐನೂರು ತೆಗೆಸಿ.

ಪ್ರಶ್ನೆ: ಚರ್ಚಿನವರು ದುಡ್ಡು ಕೂಡಿಸಿ ಕೊಡುವ ಇಂಥ ನೆರವಿನಲ್ಲಿ ಪ್ರಾರ್ಥನೆ ಮಾಡಿದರೆ ಮಾತ್ರ ಊಟ ಅಂತ ಇರುತ್ತಾ ಮೇಡಂ? ದುಡ್ಡು ತಲುಪುತ್ತೆ ಅಂತ ನಂಬೋದು ಹೇಗೆ?
– ಓದುಗರು, ಬಳ್ಳಾರಿ

ಉತ್ತರ: ಹಾಗೆ ಇದ್ದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನೆರವಿಗೆ ಧರ್ಮದ ಷರತ್ತು ಹಾಕಬಾರದು ಅಂತ ರೆಡ್ ಕ್ರಾಸ್ ಮತ್ತು ದೊಡ್ಡ ಸೇವಾ ಸಂಸ್ಥೆಗಳು, ಚರ್ಚುಗಳದ್ದೂ ಸೇರಿ, 1994ರಲ್ಲೇ ನಿಯಮ ಮಾಡಿಕೊಂಡಿವೆ. ಮೇಲೆ ಹೇಳಿದ ಸಂಸ್ಥೆಯೂ ಯಾವ ಧರ್ಮ ಅಂತ ನೋಡದೆ ಬಡಿಸುತ್ತೆ. ನಮ್ಮ ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ಬರುತ್ತಲ್ಲ, ಪಂಕ್ತಿಯಲ್ಲಿ ಕೂತವರನ್ನ ನೀವು ಯಾರು ಅಂತ ಕೇಳ್ತಾರಾ?

ಇನ್ನು ದುಡ್ಡು. ವಾಟ್ಸಾಪಿನಲ್ಲಿ ಅಳುವ ಮಗುವಿನ ಫೋಟೋ ಹಾಕಿ ಯಾರದೋ ಸ್ವಂತ ನಂಬರಿಗೆ ಕಳಿಸಿ ಅಂದರೆ ಕಳಿಸಬೇಡಿ. ಸಂಸ್ಥೆಯ ಹೆಸರಿನ ಖಾತೆ, ರಸೀದಿ, ವರ್ಷದ ಲೆಕ್ಕಪತ್ರ, ಈ ಮೂರನ್ನೂ ಕೇಳಿ. ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ ವಿದೇಶದ ಸಂಸ್ಥೆಗೆ ನೇರವಾಗಿ ಕೊಟ್ಟರೆ ಸಿಗಲ್ಲ.

ಪ್ರಶ್ನೆ: ಆಫ್ರಿಕಾದ ಸೊರಗಿದ ಮಕ್ಕಳು ಚಿಕ್ಕ ಪೊಟ್ಟಣ ಹಿಂಡಿ ಹಿಂಡಿ ತಿನ್ನುವುದನ್ನ ಟಿವಿಯಲ್ಲಿ ನೋಡಿದೆ. ಅದೇನು?
– ಓದುಗರು, ಕುಷ್ಟಗಿ

ಉತ್ತರ: ನಮ್ಮ ಶೇಂಗಾನೇ! ನುಣ್ಣಗೆ ಅರೆದ ಶೇಂಗಾಕ್ಕೆ ಹಾಲಿನ ಪುಡಿ, ಸಕ್ಕರೆ, ಎಣ್ಣೆ, ವಿಟಮಿನ್ ಬೆರೆಸಿರುತ್ತಾರೆ. ‘ಪ್ಲಂಪಿನಟ್’ ಅಂತ ಹೆಸರು, 1996ರಲ್ಲಿ ಫ್ರಾನ್ಸಿನ ಡಾಕ್ಟರ್ ಆಂದ್ರೆ ಬ್ರಿಯಾಂ ಮತ್ತು ಮಿಷೆಲ್ ಲೆಸ್ಕಾನ್ ಮಾಡಿದ್ದು. 92 ಗ್ರಾಮಿನ ಒಂದು ಪೊಟ್ಟಣದಲ್ಲಿ 500 ಕ್ಯಾಲೊರಿ. ಕಾಸುವುದು ಬೇಡ, ನೀರು ಬೆರೆಸುವುದೂ ಬೇಡ, ಹಾಗಾಗಿ ಕೊಳಕು ನೀರಿನಿಂದ ಭೇದಿ ಹತ್ತುವ ಭಯ ಕಡಿಮೆ, ತಾಯಿ ಮನೆಯಲ್ಲೇ ತಿನ್ನಿಸಬಹುದು. ಆದರೆ ಇದು ತೀರಾ ಸೊರಗಿದ ಮಗುವಿಗೆ ಔಷಧಿಯ ಹಾಗೆ ಕೊಡುವುದು, ಎಲ್ಲರಿಗೂ ಅಲ್ಲ. ಯಾರಿಗೆ ಬೇಕು ಅಂತ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡುತ್ತಾರೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು. ನಿಮ್ಮ ಓಣಿಯಲ್ಲಿ ಸೊರಗಿದ ಮಗು ಕಂಡರೆ ಅಂಗನವಾಡಿ ಟೀಚರಿಗೆ ಹೇಳಿ, ಅದೇ ಅಳತೆ ಹಿಡಿದು ನೋಡಲಿ, ಕೆಂಪು ಬಂದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.