ಸಂಪಾದಕರ ಉತ್ತರ: ಶೂ ಲೇಸ್ ಕಟ್ಟಲು 20 ನಿಮಿಷ

ಹೆಸರು ಪ್ರಕಟಿಸಬೇಡಿ ಎಂದು ಕೋರಿ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಅವರ ಮಗನಿಗೆ 9 ವರ್ಷ. ಕಳೆದ ವರ್ಷದವರೆಗೂ ಕತ್ತಲಾದರೂ ಮನೆ ಸೇರದೆ ಆಡುತ್ತಿದ್ದ ಹುಡುಗ ಈಗ ಹೊಸ್ತಿಲು ದಾಟುವುದಿಲ್ಲ. ತಂಡ ಆರಿಸುವಾಗ ಪ್ರತಿ ಸಲವೂ ಕೊನೆಗೆ ಉಳಿಯುತ್ತಿದ್ದನಂತೆ. ಆಟ ಕಲಿತರೆ ಸರಿಹೋಗುತ್ತಾನೆ ಎಂದು ಫುಟ್‌ಬಾಲ್ ತರಬೇತಿಗೆ ಸೇರಿಸಿದರು. ಅಂದಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಹೊಟ್ಟೆನೋವು. “ಶೂ ಲೇಸ್ ಕಟ್ಟಲು 20 ನಿಮಿಷ ಮಾಡುತ್ತಾನೆ. ಕಟ್ಟುತ್ತಾನೆ, ಬಿಚ್ಚುತ್ತಾನೆ, ಮತ್ತೆ ಕಟ್ಟುತ್ತಾನೆ. ಮಕ್ಕಳು ಓಡಿಯಾಡಬೇಕು ಎಂದು ಒಂದು ಸಂಚಿಕೆಯಲ್ಲಿ ಬರೆಯುತ್ತೀರಿ, ಮಕ್ಕಳ ಮನಸ್ಸು ನೋಯಿಸಬೇಡಿ ಎಂದು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೀರಿ. ನಾನು ಯಾವುದನ್ನು ಮೊದಲು ನೋಡಲಿ? ಕಟ್ಟಿದ ಶುಲ್ಕ ಹೋದರೆ ಹೋಗಲಿ ಎಂದು ಬಿಡಿಸಿಬಿಡಲೇ?” ಎಂದು ಕೇಳಿದ್ದಾರೆ.

ಆತ್ಮೀಯರೇ,

ನಿಮ್ಮ ಆಕ್ಷೇಪ ಸರಿಯಾಗಿದೆ. ದೇಹಕ್ಕೊಂದು ಪುಟ, ಮನಸ್ಸಿಗೊಂದು ಪುಟ ಎಂದು ಪಾಲು ಮಾಡಿದವರು ನಾವು. ಪುಟಗಳ ನಡುವೆ ಇರುವ ಗೆರೆ ನಿಮ್ಮ ಹುಡುಗನೊಳಗೆ ಇಲ್ಲ. ಆದ್ದರಿಂದ ಯಾವುದು ಮೊದಲು ಎಂಬ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಹೊಟ್ಟೆನೋವಿನಿಂದಲೇ ಶುರುಮಾಡುತ್ತೇನೆ.

ಅದನ್ನು ದಯವಿಟ್ಟು ನೆಪ ಎನ್ನಬೇಡಿ. ನಮ್ಮ ಕರುಳಿನ ಗೋಡೆಯಲ್ಲಿ ಕೋಟಿಗಟ್ಟಲೆ ನರಕೋಶಗಳಿವೆ. ವೇಗಸ್ ನರದ ಮೂಲಕ ಅವು ಮೆದುಳಿನೊಂದಿಗೆ ಸದಾ ಸಂಪರ್ಕದಲ್ಲಿರುತ್ತವೆ. ಹೆದರಿಕೆಯಾದಾಗ ಅಡ್ರಿನಲಿನ್ ಎಂಬ ಹಾರ್ಮೋನ್ ಹೆಚ್ಚುತ್ತದೆ, ರಕ್ತ ಜೀರ್ಣಾಂಗಗಳನ್ನು ಬಿಟ್ಟು ಸ್ನಾಯುಗಳತ್ತ ಹರಿಯುತ್ತದೆ, ಹೊಟ್ಟೆ ಹಿಂಡಿದಂತಾಗುತ್ತದೆ. ಕಾರಣ ಭಯವೇ ಆದರೂ ನೋವು ನಿಜವಾದ ನೋವೇ. ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಇಳಿಯುವ ತೂಕ, ಮತ್ತೆ ಮತ್ತೆ ವಾಂತಿ, ಮಲದಲ್ಲಿ ರಕ್ತ ಇವುಗಳಲ್ಲಿ ಯಾವುದಾದರೂ ಇದ್ದರೆ ತಡಮಾಡಬೇಡಿ. ಇವೊಂದೂ ಇಲ್ಲದೆ ಶನಿವಾರವಷ್ಟೇ ಬಂದು ತರಬೇತಿ ತಪ್ಪಿದ ಕೂಡಲೇ ಮಾಯವಾಗುವ ನೋವಾದರೆ, ಅವನು ಬಾಯಲ್ಲಿ ಹೇಳಲಾರದ್ದನ್ನು ಹೊಟ್ಟೆ ಹೇಳುತ್ತಿರಬಹುದು.

ಏನದು? ನಮ್ಮ ಭಾಷೆಯಲ್ಲಿ ‘ಮೈಮರೆತು ಆಡುವುದು’ ಎನ್ನುತ್ತೇವೆ. ಕತ್ತಲಾದರೂ ಮನೆ ಸೇರದಿದ್ದ ಆ ಹುಡುಗ ಮೈಮರೆತಿದ್ದ. ತನ್ನ ಕಾಲು ನಿಧಾನವೋ ಚುರುಕೋ, ತಾನು ದಪ್ಪವೋ ತೆಳ್ಳಗೋ ಎಂಬ ಎಚ್ಚರವೇ ಅವನಿಗಿರಲಿಲ್ಲ. ಎಲ್ಲರನ್ನೂ ಕರೆದು ಮುಗಿದ ಮೇಲೆ ‘ಸರಿ, ನೀನೂ ಬಾ’ ಎಂದಾಗ ಅವನಿಗೆ ತನ್ನ ಮೈ ನೆನಪಾಯಿತು. ಅದು ಇತರರ ಕಣ್ಣಿನಲ್ಲಿ ಕಂಡ ಮೈ. ತರಬೇತಿಗೆ ಸೇರಿಸಿದಾಗ ನೀವು ಒಳ್ಳೆಯದನ್ನೇ ಬಯಸಿದಿರಿ. ಆದರೆ ಅಲ್ಲಿ ಅವನನ್ನು ನೋಡುವ ಕಣ್ಣುಗಳು ಇನ್ನೂ ಹೆಚ್ಚಾದವು. ಅವನು ದೂರ ಸರಿದಿರುವುದು ಓಟದಿಂದಲ್ಲ, ಆ ಕಣ್ಣುಗಳಿಂದ ಎಂದು ನನಗೆ ತೋರುತ್ತದೆ.

ಇದನ್ನು ನಾನು ಮನೆಯಲ್ಲೇ ಕಲಿತೆ. ಮಗಳು ಈಜು ಕಲಿಯುತ್ತಿದ್ದಾಗ ಕೊಳದ ಅಂಚಿನಲ್ಲಿ ಕುಳಿತು ಮೊಬೈಲಿನಲ್ಲಿ ಅವಳ ಸಮಯ ಅಳೆಯುತ್ತಿದ್ದೆ. ಪ್ರೋತ್ಸಾಹ ಎಂದೇ ನಂಬಿದ್ದೆ. ಒಂದು ದಿನ ಆಚೆ ದಡ ಮುಟ್ಟಿ ತಿರುಗಿ ಬಂದವಳು ನೀರಿನಿಂದ ತಲೆ ಎತ್ತಿದಳು. ಕಣ್ಣಿನ ನೀರು ಒರೆಸಿಕೊಳ್ಳಲಿಲ್ಲ, ಉಸಿರು ಸುಧಾರಿಸಿಕೊಳ್ಳಲಿಲ್ಲ, ಮೊದಲು ನನ್ನ ಮುಖ ನೋಡಿದಳು. ತಾನು ಚೆನ್ನಾಗಿ ಈಜಿದೆನೋ ಇಲ್ಲವೋ ಎಂಬುದು ಆ ಮಗುವಿಗೆ ನನ್ನ ಮುಖದಿಂದ ತಿಳಿಯಬೇಕಾಗಿತ್ತು. ಮರುವಾರದಿಂದ ಮೊಬೈಲನ್ನು ಚೀಲದಲ್ಲಿಟ್ಟು ನಾನೂ ನೀರಿಗಿಳಿದೆ.

ಓಡಾಟ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಬಿರುಸಾಗುವಂಥ ಚಟುವಟಿಕೆ ಇರಬೇಕು, ವಾರದಲ್ಲಿ ಕನಿಷ್ಠ 3 ದಿನ ಮೂಳೆ ಮತ್ತು ಸ್ನಾಯುಗಳಿಗೆ ಬಲ ಬರುವ ಕೆಲಸವೂ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆ ‘ಸರಾಸರಿ’ ಎಂಬ ಪದವನ್ನು ಗಮನಿಸಿ. ಒಂದು ದಿನ 30 ನಿಮಿಷ, ಇನ್ನೊಂದು ದಿನ 90 ನಿಮಿಷವಾದರೂ ನಡೆಯುತ್ತದೆ. ಎಲ್ಲವನ್ನೂ ಒಂದೇ ಬಾರಿಗೆ ಮುಗಿಸಬೇಕೆಂದೂ ಇಲ್ಲ. ಮರ ಹತ್ತುವುದು, ಹಗ್ಗ ಜಿಗಿಯುವುದು, ಕಂಬಿಗೆ ಜೋತು ಬೀಳುವುದು, ಸೈಕಲ್ ತುಳಿಯುವುದು, ಹಾಡು ಹಾಕಿಕೊಂಡು ಕುಣಿಯುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹನ್ನೊಂದು ಜನರ ತಂಡ ಬೇಕೆಂದು ಆ ಮಾರ್ಗಸೂಚಿ ಎಲ್ಲಿಯೂ ಹೇಳಿಲ್ಲ.

ನಿಮ್ಮ ಮಗ ಒಬ್ಬಂಟಿಯೂ ಅಲ್ಲ. 2016ರ ಅಂಕಿಅಂಶಗಳ ಪ್ರಕಾರ ಜಗತ್ತಿನಲ್ಲಿ 11ರಿಂದ 17 ವರ್ಷದ 5 ಮಕ್ಕಳಲ್ಲಿ 4 ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ, ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಎಲ್ಲರೂ ಸೋಮಾರಿಗಳೆಂದು ನಾನು ಒಪ್ಪುವುದಿಲ್ಲ. ಆಡುವ ಜಾಗ ಕಳೆದುಕೊಂಡವರು, ಸಮಯ ಕಳೆದುಕೊಂಡವರು, ನಿಮ್ಮ ಮಗನಂತೆ ಧೈರ್ಯ ಕಳೆದುಕೊಂಡವರು ಅವರಲ್ಲಿ ಎಷ್ಟೋ ಮಂದಿ.

ಇನ್ನು ಮಾತಿನ ವಿಷಯ. ಎದುರಿಗೆ ಕೂರಿಸಿಕೊಂಡು ‘ಏನಾಯಿತು ಹೇಳು’ ಎಂದರೆ ಮಕ್ಕಳು ಬಾಯಿ ಬಿಡುವುದಿಲ್ಲ, ಅದು ವಿಚಾರಣೆಯಂತಿರುತ್ತದೆ. ಜೊತೆಯಲ್ಲಿ ನಡೆಯುತ್ತಾ ಹೋಗಿ. ಇಬ್ಬರ ಕಣ್ಣೂ ದಾರಿಯ ಮೇಲಿರುವಾಗ ಮಾತು ತಾನಾಗಿ ಬರುತ್ತದೆ, ಅರ್ಧ ದಾರಿ ಮೌನದಲ್ಲೇ ಕಳೆದರೂ ಚಿಂತೆಯಿಲ್ಲ. ‘ಕೊನೆಗೆ ಉಳಿದಾಗ ಅವಮಾನ ಆಗಿತ್ತೇನೋ?’ ಎಂದು ಒಂದು ಪದವನ್ನು ಅವನ ಕೈಗಿಡಿ. ಒಂಬತ್ತು ವರ್ಷದವನ ಬಳಿ ‘ಬೇಜಾರು’ ಎಂಬ ಒಂದೇ ಪದ ಇರಬಹುದು. ಅವಮಾನ, ಅಸೂಯೆ, ದಿಗಿಲು, ಒಂಟಿತನ ಎಲ್ಲವೂ ಅದರೊಳಗೇ ತುಂಬಿರುತ್ತವೆ. ಮುಖಗಳ ಚಿತ್ರ ನೋಡಿ ಅಲ್ಲಿರುವ ಭಾವನೆಗೆ ಹೆಸರು ಕೊಟ್ಟಾಗ ಮೆದುಳಿನಲ್ಲಿ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗುತ್ತದೆ ಎಂದು 2007ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನವೊಂದು ತೋರಿಸಿತು. ಅದು ದೊಡ್ಡವರ ಮೇಲೆ ನಡೆದ ಅಧ್ಯಯನ. ಆದರೆ ದುಃಖಕ್ಕೆ ಹೆಸರು ಸಿಕ್ಕ ಮಗುವಿನ ಭುಜ ಸಡಿಲವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪದ ಕೊಟ್ಟ ಮೇಲೆ ಸುಮ್ಮನಿರಿ. ‘ಅಷ್ಟಕ್ಕೆಲ್ಲ ಅಳುತ್ತಾರಾ’ ಎಂದರೆ ಮುಗಿಯಿತು, ಅವನು ಮತ್ತೆ ಹೊಟ್ಟೆನೋವಿಗೇ ಮರಳುತ್ತಾನೆ.

ಹತ್ತು ಜನರ ಗುಂಪು ಈಗ ಬೇಡ. ಅವನಿಗೆ ಇಷ್ಟವಾದ ಒಬ್ಬ ಗೆಳೆಯ ಸಾಕು. ಆಡಿ ಬಂದಾಗ ‘ಗೆದ್ದೆಯಾ?’ ಎನ್ನುವ ಬದಲು ‘ಯಾವಾಗ ಖುಷಿಯಾಯಿತು?’ ಎಂದು ಕೇಳಿ. ಹೋಮ್‌ವರ್ಕ್ ಮುಗಿಸಲಿಲ್ಲವೆಂದು ಆಟ ಕಿತ್ತುಕೊಳ್ಳಬೇಡಿ, ತಪ್ಪು ಮಾಡಿದನೆಂದು ಮೈದಾನ ಸುತ್ತಿಸುವುದಂತೂ ಕೂಡದು. ಓಟವೇ ಶಿಕ್ಷೆಯಾದರೆ ಮಗು ಅದನ್ನು ಪ್ರೀತಿಸುವುದು ಹೇಗೆ? ಈ ವಯಸ್ಸಿಗೆ ದಿನಕ್ಕೆ ಒಟ್ಟು 9ರಿಂದ 12 ಗಂಟೆಗಳಷ್ಟು ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿಗೆ ಸಣ್ಣ ಸೋಲೂ ಬೆಟ್ಟವಾಗುತ್ತದೆ.

ಶಿಕ್ಷಕರೂ ತರಬೇತುದಾರರೂ ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಆರಿಸುವ ಪದ್ಧತಿಯನ್ನು ಇಂದೇ ನಿಲ್ಲಿಸಿ. ಸಾಲಾಗಿ ನಿಲ್ಲಿಸಿ ಒಂದು, ಎರಡು, ಒಂದು, ಎರಡು ಎಂದು ಎಣಿಸಿದರೆ ಅರ್ಧ ನಿಮಿಷದಲ್ಲಿ ತಂಡ ಸಿದ್ಧವಾಗುತ್ತದೆ, ಯಾರೂ ಕೊನೆಗೆ ಉಳಿಯುವುದಿಲ್ಲ. ತಾಯಿಯವರೇ, ಈ ಮಾತನ್ನು ನೀವೂ ಅವರ ಕಿವಿಗೆ ಹಾಕಿ.

ಮಂಕುತನ ಎರಡು ವಾರ ಕಳೆದರೂ ಹೋಗದಿದ್ದರೆ, ಊಟ ನಿದ್ದೆ ಕೆಟ್ಟರೆ, ಮೊದಲು ಇಷ್ಟಪಡುತ್ತಿದ್ದ ಯಾವುದೂ ಬೇಡವೆಂದರೆ, ಶಾಲೆಗೂ ಹೋಗಲಾರೆ ಎಂದರೆ ಮಕ್ಕಳ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಬದುಕು ಬೇಡ ಎಂಬ ಮಾತು ಅವನ ಬಾಯಿಂದ ಬಂದರೆ ಅದೇ ದಿನ ಹೋಗಿ, ಅವನನ್ನು ಒಬ್ಬನನ್ನೇ ಬಿಡಬೇಡಿ.

ಕೊನೆಗೆ ಶುಲ್ಕದ ಪ್ರಶ್ನೆ. ಹೋದರೆ ಹೋಗಲಿ. ಆದರೆ ತೀರ್ಮಾನ ನಿಮ್ಮೊಬ್ಬರದೇ ಆಗಬಾರದು, ಅವನನ್ನು ಕೇಳಿ. ಬಿಡಬೇಕೇ, ಒಂದು ತಿಂಗಳು ನಿಲ್ಲಿಸಿ ನೋಡಬೇಕೇ, ಬೇರೆ ಆಟ ಬೇಕೇ? ಬಿಡುತ್ತೇನೆ ಎಂದರೆ ‘ಸೋತು ಬಿಟ್ಟ’ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬಾರದಿರಲಿ. ಈ ಶನಿವಾರ ಶೂ ಹೊರಗೆ ತೆಗೆಯಲೇಬೇಡಿ. ಚೆಂಡು ಹಿಡಿದು ಬರಿಗಾಲಿನಲ್ಲಿ ನೀವೇ ಅಂಗಳಕ್ಕಿಳಿಯಿರಿ, ಗೋಡೆಗೆ ಒದೆಯುತ್ತಾ ಇರಿ. ಅವನು ಬಾಗಿಲಿಗೆ ಬಂದು ನಿಂತರೆ ಕರೆಯಬೇಡಿ. ಚೆಂಡನ್ನು ಅವನತ್ತ ಉರುಳಿಸಿ.

ಸಂಪಾದಕರು