ಪ್ರತಿಕ್ರಿಯೆ: ಮಕ್ಕಳ ಉತ್ತರ ಬೋರ್ಡಿಗೆ ಹಾಕುವಾಗ

ಟೀಚರೇ, ನಿಮ್ಮ ಕಾಸರಗೋಡಿನ ಆರನೇ ತರಗತಿಯಲ್ಲಿ ಉತ್ತರ ಬೋರ್ಡಿಗೆ ಹಾಕಿದ ಕೂಡಲೇ ಉಳಿದವರು ನಕಲು ಮಾಡಿ ಸುಮ್ಮನಾಗುತ್ತಾರೆ ಎಂದಿರಿ. ಸರಿಯುತ್ತರ ಮೊದಲೇ ಬಂದರೆ ಹಾಗೇ ಆಗುವುದು.

1/2 + 1/3 ಕೊಡಿ. ಐದು ನಿಮಿಷ ಒಬ್ಬೊಬ್ಬರೇ ಚೀಟಿಯಲ್ಲಿ ಮಾಡಲಿ. ನೀವು ಬೆಂಚುಗಳ ನಡುವೆ ಓಡಾಡಿ ಮೂರೇ ಚೀಟಿ ಆರಿಸಿ: ಮೇಲಿನ ಅಂಕೆಗಳನ್ನೂ ಕೆಳಗಿನ ಅಂಕೆಗಳನ್ನೂ ಬೇರೆಬೇರೆ ಕೂಡಿಸಿ 2/5 ಮಾಡಿದ್ದು ಒಂದು, ಉದ್ದ ಪಟ್ಟಿಯ ಚಿತ್ರ ಬಿಡಿಸಿ ಭಾಗ ತೋರಿಸಿದ್ದು ಒಂದು, 3/6 + 2/6 ಮಾಡಿದ್ದು ಒಂದು. ಇದೇ ಕ್ರಮದಲ್ಲಿ ಬೋರ್ಡಿನಲ್ಲಿ ನೀವೇ ಬರೆಯಿರಿ. ಕೈಬರಹ ಕಂಡರೆ ಯಾರದ್ದೆಂದು ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

‘ಯಾವುದು ಸರಿ’ ಎನ್ನಬೇಡಿ. ‘2/5 ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಕಡಿಮೆಯಾದೀತೇ?’ ಎಂದು ಕೇಳಿ, ಇಬ್ಬಿಬ್ಬರನ್ನು ಚರ್ಚೆಗೆ ಬಿಡಿ. ತುಳುವಿನಲ್ಲೋ ಮಲಯಾಳದಲ್ಲೋ ವಾದಿಸಿದರೂ ಅಡ್ಡಿಯಿಲ್ಲ. ಚಿತ್ರದಲ್ಲಿ 1/2 ಮತ್ತು 1/3 ತೋರಿಸುವ ಎರಡೂ ಪಟ್ಟಿ ಒಂದೇ ಉದ್ದ ಇರಬೇಕು, ಇಲ್ಲದಿದ್ದರೆ ಹೋಲಿಕೆಯೇ ತಪ್ಪುತ್ತದೆ.